ಮುರಿಯೋದು, ಒಡೆಯೋದು ಎರಡೂ ಒಂದೇನಾ?

ಮದುವೆ ಮುರಿದುಬಿತ್ತು ಅಂತಾರೆ, ಮನಸ್ಸು ಒಡೆದುಹೋಯ್ತು ಅಂತಾರೆ, ಇಂಗ್ಲಿಷಲ್ಲಿ ಎರಡಕ್ಕೂ ಬ್ರೇಕ್ ಅಂದ್ರೆ ಸಾಕು, ಕನ್ನಡದಲ್ಲಿ ಯಾಕೆ ಎರಡು ಪದ ಅಂತ ಕೇಳಿದೀರ. ಎರಡೂ ಒಂದೇ ಅಲ್ಲ ರೀ. ನನ್ನ ಅಕ್ಕನ ಮಗ ಚಿಕ್ಕವನಿದ್ದಾಗ ಪೆನ್ಸಿಲ್ ತಂದು "ಮಾಮಾ, ಇದು ಒಡೆದೋಯ್ತು" ಅಂದ, "ಮುರಿದೋಯ್ತು ಅನ್ನಬೇಕು ಕಣೋ" ಅಂದೆ, "ಯಾಕೆ?" ಅಂದ. ಅವತ್ತಿಂದ ಈ ಪದಗಳು ತಲೇಲಿ ಕೂತಿವೆ.

ನನಗೆ ತಿಳಿದ ಹಾಗೆ, ಉದ್ದಕ್ಕೆ ಗಟ್ಟಿಯಾಗಿ ನಿಂತಿರೋದು ಮುರಿಯುತ್ತೆ. ಕೋಲು, ಕೊಂಬೆ, ಮೂಳೆ, ಕುರ್ಚಿ ಕಾಲು. ಒಳಗೆ ಏನಾದ್ರೂ ಇಟ್ಕೊಂಡಿರೋದು, ಇಲ್ಲಾ ತುಂಬಿಸೋಕೆ ಅಂತ ಇರೋದು ಒಡೆಯುತ್ತೆ, ಮಡಕೆ, ಲೋಟ, ತೆಂಗಿನಕಾಯಿ, ಕೆರೆ ಕಟ್ಟೆ ಹೀಗೆ. ಕನ್ನಡಿ ಥರದ್ದು ಒಡೆದ್ರೆ ಚೂರು ಚೂರಾಗುತ್ತೆ, ಕೋಲು ಮುರಿದ್ರೆ ಎರಡು ತುಂಡು ಕೈಲಿ ಉಳಿಯುತ್ತೆ. ಬಟ್ಟೆ, ಕಾಗದ, ದಾರ ಇವಕ್ಕೆ ಎರಡೂ ಬೇಡ, ಅವು ಹರಿಯುತ್ವೆ. ಗಾದೆಗಳನ್ನೇ ನೋಡಿ, "ಹಾವು ಸಾಯಬೇಕು ಕೋಲು ಮುರಿಯಬಾರದು", ಆದರೆ "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು". ಇಲ್ಲಿ ಕೋಲು ಒಡೆಯಲ್ಲ, ಮುತ್ತು ಮುರಿಯಲ್ಲ.

ಸಂಬಂಧದ ಮಾತಿಗೂ ಇದೇ ಲೆಕ್ಕ ಹೋಗುತ್ತೆ. ಮದುವೆ, ನಿಶ್ಚಿತಾರ್ಥ, ಒಪ್ಪಂದ, ಮಾತುಕತೆ ಇವೆಲ್ಲ ಇಬ್ಬರ ಮಧ್ಯೆ ಹಿಡಿದಿರೋ ಕೋಲಿನ ಥರ, ಅದಕ್ಕೇ ಮುರಿದುಬೀಳ್ತವೆ. ಮನೆ, ಪಕ್ಷ, ಸಂಘ ಇವುಗಳ ಒಳಗೆ ಜನ ಇರ್ತಾರೆ, ಅದಕ್ಕೇ ಒಡೆಯುತ್ವೆ, ಒಡಕು ಅನ್ನೋ ಪದ ಬಂದಿದ್ದೂ ಅಲ್ಲಿಂದಾನೇ. ಮನಸ್ಸು ಮಾತ್ರ ಎರಡೂ ಕಡೆ ಓಡಾಡುತ್ತೆ, ಮನಸ್ಸು ಮುರೀತು ಅಂತಾನೂ ಅಂತಾರೆ, ತಪ್ಪಲ್ಲ, ಆದ್ರೆ ನನ್ನ ಕಿವಿಗೆ ಮುರಿದ ಮನಸ್ಸು ಅಂದ್ರೆ ಆ ವ್ಯಕ್ತಿ ಮೇಲಿನ ವಿಶ್ವಾಸ ಹೋಗಿದೆ ಅಂತ ಕೇಳಿಸುತ್ತೆ, ಒಡೆದ ಮನಸ್ಸು ಅಂದ್ರೆ ನೋವೇ ಕೇಳಿಸುತ್ತೆ. ಸೊಕ್ಕು ಮಾತ್ರ ಯಾವಾಗ್ಲೂ ಮುರಿಯೋದೇ, ನೆಟ್ಟಗೆ ನಿಂತಿರುತ್ತಲ್ಲ.

ಏನೂ ತುಂಡಾಗದೇ ಇದ್ರೂ ಮುರಿ ಅಂತೀವಿ, ಅದನ್ನ ಕಲಿಯೋರು ಗಮನಿಸಬೇಕು. ನಿದ್ದೆಯಿಂದ ಎದ್ದು ಮೈ ಮುರೀತೀವಿ, ಇಷ್ಟ ಆಗದಿದ್ರೆ ಮೂಗು ಮುರೀತೀವಿ. ಬಾಗು, ತಿರುಗು ಅನ್ನೋ ಅರ್ಥ ಹಳೇ ಕನ್ನಡದಲ್ಲಿ ಮುರಿಗೆ ಇತ್ತು, ಇಲ್ಲಿ ಕೇಳಿಸೋದು ಅದೇ. ದುಡ್ಡಿನ ವಿಷ್ಯಕ್ಕೆ ಬಂದ್ರೆ ಸಂಬಳದಲ್ಲಿ ಸಾಲ ಮುರ್ಕೋತಾರೆ, ದೊಡ್ಡ ನೋಟನ್ನ ಚಿಲ್ಲರೆಗೆ ಮುರಿಸ್ತೀವಿ.

ಒಡೆ ಅನ್ನೋದು ನನಗೆ ಇನ್ನೂ ಇಷ್ಟ. ಹಾಲು ಒಲೆ ಮೇಲಿದ್ದಾಗ ಒಡೆಯೋದು ನೋಡಿದೀರಾ, ಮೊದಲು ಅಂಚಲ್ಲಿ ಸಣ್ಣ ಸಣ್ಣ ಕಾಳು ಕಾಣುತ್ತೆ, ಆಮೇಲೆ ಹಳದಿ ನೀರು ಒಂದು ಕಡೆ ಬಿಳಿ ಗಟ್ಟಿ ಒಂದು ಕಡೆ, ಇಷ್ಟೊತ್ತು ಒಂದೇ ಆಗಿದ್ದದ್ದು. ಹುಳಿ ಹೆಚ್ಚಾಗಿ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಬೇರೆ ಆಗೋದು ಅದು, ಮತ್ತೆ ಕಲಕಿದ್ರೆ ಕೂಡಲ್ಲ. (ಒಡೆಯ, ಒಡೆತನ ಇವನ್ನ ಇದಕ್ಕೆ ಸೇರಿಸ್ಬೇಡಿ, ಅದು ಹೊಂದಿರೋದು ಅನ್ನೋ ಅರ್ಥದ ಬೇರೆ ಪದ.) ಒಡೆ ಅನ್ನೋದನ್ನೇ ಶುರುವಾಗೋದಕ್ಕೂ ಬಳಸ್ತೀವಿ. ಕಾಳು ನೆನೆಹಾಕಿ ಒದ್ದೆ ಬಟ್ಟೇಲಿ ಕಟ್ಟಿಟ್ಟು ಮಾರನೇ ದಿನ ಬಿಚ್ಚಿದ್ರೆ ಸಿಪ್ಪೆ ಸೀಳಿ ಬಿಳಿ ಮೊನೆ ಹೊರಗೆ ಬಂದಿರುತ್ತೆ, ಅದು ಮೊಳಕೆ ಒಡೆಯೋದು. ಒಣಗಿದ ಗಿಡ ಮತ್ತೆ ಚಿಗುರೊಡೆಯುತ್ತೆ. ಮೊಳಕೆ ಮುರೀತು ಅಂದ್ರೋ, ಬಂದ ಮೊಳಕೇನೇ ಹೋಯ್ತು ಅಂತ ಆಗುತ್ತೆ.