ದುಬೈಯಲ್ಲಿ ಇಳಿದು ಅಬುಧಾಬಿಯಿಂದ ಹಾರಲು ಐದು ಗಂಟೆ ಸಾಕಾ?

ಮಾರಾಯ್ರೇ, ಮಂಗಳೂರಿಂದ ದುಬೈಗೆ ಒಂದು ಟಿಕೆಟ್, ಅಬುಧಾಬಿಯಿಂದ ಚಿಕಾಗೋಗೆ ಇನ್ನೊಂದು, ಮಧ್ಯೆ ಐದು ಗಂಟೆ. ನಾವು ಮಾಡಿದ್ದೂ ಇದೇ. ಮಗಳ ಬಾಣಂತನಕ್ಕೆ ಹೊರಟಿದ್ದೆವು, ನಾನು ಮತ್ತು ನನ್ನ ಹೆಂಡತಿ.

ಎರಡು ಏರ್‌ಪೋರ್ಟ್ ಮಧ್ಯೆ ರಸ್ತೆಯಲ್ಲಿ ಸುಮಾರು 125 ಕಿಲೋಮೀಟರ್. ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆ ಹಿಡಿಯಿರಿ. ಅಬುಧಾಬಿ ಏರ್‌ಪೋರ್ಟ್ ಊರಿಗಿಂತ ಈಚೆ, ದುಬೈ ಕಡೆಗೇ ಇದೆ. ಪೇಟೆಯೊಳಗೆ ಹೋಗಬೇಕಾಗಿಲ್ಲ. ಹೊಂಡ ಗಿಂಡ ಇಲ್ಲದ ಹೈವೇ, ಅಲ್ಲಿ ನಮಗೆ ಏನೂ ತೊಂದರೆಯಾಗಲಿಲ್ಲ.

ಕೆಡಿಸಿದ್ದು ಆ ಎರಡು ಟಿಕೆಟ್. ಕಡಿಮೆಗೆ ಸಿಕ್ಕಿತು ಅಂತ ಬೇರೆ ಬೇರೆ ಮಾಡಿಸಿದ್ದೆ. ಬೇರೆ ಟಿಕೆಟ್ ಅಂದರೆ ಬ್ಯಾಗ್ ತಾನಾಗಿ ಮುಂದೆ ಹೋಗುವುದಿಲ್ಲ. ಅದನ್ನು ತೆಗೆದುಕೊಳ್ಳಲು ನೀವು ಹೊರಗೆ ಬರಬೇಕು. ಹೊರಗೆ ಬರಲು ಯುಎಇ ವೀಸಾ ಬೇಕು. ಅಮೆರಿಕ ವೀಸಾ ಇದ್ದ ಭಾರತೀಯರಿಗೆ ದುಡ್ಡು ಕಟ್ಟಿದರೆ 14 ದಿನದ ವೀಸಾ ಸಿಗುತ್ತದೆ, ಷರತ್ತುಗಳು ಉಂಟು, ಅದಕ್ಕೂ ಕ್ಯೂ. ಆಮೇಲೆ ಬ್ಯಾಗ್ ಬರುವ ಬೆಲ್ಟ್. ಸೂಟ್‌ಕೇಸ್ ಎಲ್ಲ ಬಂತು, ರಟ್ಟಿನ ಪೆಟ್ಟಿಗೆ ಮಾತ್ರ ಇಲ್ಲ. ಬಾಣಂತಿ ಲೇಹ್ಯ, ಕೋರಿ ರೊಟ್ಟಿ ತುಂಬಿಸಿ, ಹಗ್ಗ ಬಿಗಿದು, ಮಾರ್ಕರಿನಲ್ಲಿ ದೊಡ್ಡದಾಗಿ ಹೆಸರು ಬರೆದ ಪೆಟ್ಟಿಗೆ. ಬಿಟ್ಟು ಹೋಗೋಣ ಅಂದರೆ ಹೆಂಡತಿ ಕೇಳಬೇಕಲ್ವಾ? ಎಲ್ಲರ ಸಾಮಾನು ಹೋದ ಮೇಲೆ, ಒಂದು ಮೂಲೆ ಒಡೆದುಕೊಂಡು ಬಂತು.

ಮಂಗಳೂರಲ್ಲೇ ವಿಮಾನ ಒಂದು ಗಂಟೆ ತಡವಾಗಿ ಹೊರಟಿತ್ತು. ಒಂದೇ ಟಿಕೆಟ್ ಆಗಿದ್ದರೆ ಅದು ಕಂಪನಿಯ ತಲೆನೋವು, ಅವರೇ ಮುಂದಿನ ವಿಮಾನಕ್ಕೆ ಹಾಕುತ್ತಿದ್ದರು. ಎರಡಾದ್ದರಿಂದ ಅಬುಧಾಬಿಯವರ ಲೆಕ್ಕದಲ್ಲಿ ನಾವು ಸುಮ್ನೆ ಲೇಟಾಗಿ ಬಂದವರು. ಅಲ್ಲಿಂದ ಅಮೆರಿಕಕ್ಕೆ ಹೋಗುವವರ ಅಮೆರಿಕನ್ ಇಮಿಗ್ರೇಷನ್ ಕೂಡ ಅಬುಧಾಬಿಯಲ್ಲೇ ಮುಗಿಸುತ್ತಾರೆ. ಹಾಗಾಗಿ ಕೊನೆ ಗಳಿಗೆಯಲ್ಲಿ ಓಡಿಹೋಗಿ ಹತ್ತುವ ಮಾತೇ ಇಲ್ಲ. ಕೌಂಟರ್ ಮುಚ್ಚಿತ್ತು. ನೋ ಶೋ, ಅಂದರೆ ಬರಲೇ ಇಲ್ಲ ಅಂತ ಹಾಕಿದರು. ದುಡ್ಡು ಹೋಯಿತು, ಅದೇ ಟಿಕೆಟಿನಲ್ಲಿದ್ದ ವಾಪಸ್ ಪ್ರಯಾಣವೂ ರದ್ದು!

ಐದು ಗಂಟೆ ಸಾಕಾ, ಏಳು ಬೇಕಾ ಅಂತ ಲೆಕ್ಕ ಹಾಕುವುದನ್ನೇ ಬಿಡಿ. ಮಂಗಳೂರಿಂದ ಅಬುಧಾಬಿಗೇ ನೇರ ವಿಮಾನ ಉಂಟಲ್ಲ, ದುಬೈಗೆ ಯಾಕೆ ಹೋಗುತ್ತೀರಿ? ಆದರೆ ಅದೂ ಬೇರೆ ಟಿಕೆಟ್ ಆದರೆ ಟ್ಯಾಕ್ಸಿ ಖರ್ಚು ಉಳಿಯುತ್ತದೆ ಅಷ್ಟೇ, ಬ್ಯಾಗಿನ ರಗಳೆ ಹಾಗೇ. ನನ್ನನ್ನು ಕೇಳಿದರೆ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ಚಿಕಾಗೋವರೆಗೆ ಒಂದೇ ಪಿಎನ್‌ಆರ್, ಅಂದರೆ ಒಂದೇ ಟಿಕೆಟ್ ಮಾಡಿಸಿ. ಮಳೆಗಾಲವಾದರೆ ಒಂದು ದಿನ ಮೊದಲೇ ಹೊರಡಿ, ಶಿರಾಡಿ ಘಾಟಿಯನ್ನು ನಂಬಬೇಡಿ. ಚೆಕ್‌ಇನ್ ಮಾಡುವಾಗ ಬ್ಯಾಗಿನ ಟ್ಯಾಗ್ ಓದಿ. ಅದರಲ್ಲಿ ಒಆರ್‌ಡಿ ಅಂತ ಇರಬೇಕು, ಅದು ಚಿಕಾಗೋದ ಕೋಡ್. ಇಲ್ಲದಿದ್ದರೆ ಕೌಂಟರ್ ಬಿಟ್ಟು ಕದಲಬೇಡಿ.