ಬ್ರಿಟಿಷ್ ಹಾಸ್ಯ ಲೇಖಕ ಡಗ್ಲಾಸ್ ಆಡಮ್ಸ್ ತೀರಿಕೊಂಡ ಮೇಲೆ ಬಂದ 'ದಿ ಸಾಮನ್ ಆಫ್ ಡೌಟ್' ಪೂರ್ತಿ ಕಾದಂಬರಿಯಾ?

ಅಲ್ಲ. ಕಾದಂಬರಿ ಅಂದುಕೊಂಡು ಕೈಗೆತ್ತಿಕೊಂಡರೆ ನಿರಾಸೆ ಗ್ಯಾರಂಟಿ. ಆಡಮ್ಸ್ 2001ರ ಮೇ ತಿಂಗಳಲ್ಲಿ ಹೃದಯಾಘಾತದಿಂದ ಹೋದಾಗ ವಯಸ್ಸು ಬರೀ 49. ಅವರ ಮ್ಯಾಕ್ ಕಂಪ್ಯೂಟರುಗಳಲ್ಲಿದ್ದ ಫೈಲುಗಳಿಂದ ಆರಿಸಿ 2002ರಲ್ಲಿ ಈ ಪುಸ್ತಕ ತಂದರು. ಪತ್ತೇದಾರ ಡರ್ಕ್ ಜೆಂಟ್ಲಿಯ ಕಥೆ ಇದರಲ್ಲಿದೆ. ಆದರೆ ಅದು ಬೇರೆ ಬೇರೆ ಕರಡುಗಳನ್ನು ಜೋಡಿಸಿದ್ದು, ನಡುದಾರಿಯಲ್ಲೇ ನಿಲ್ಲುತ್ತದೆ. ಈ ಸರಕು ತಮ್ಮ ಹೆಸರಾಂತ ವೈಜ್ಞಾನಿಕ ಹಾಸ್ಯ ಕಾದಂಬರಿಗಳ 'ಹಿಚ್‌ಹೈಕರ್ಸ್ ಗೈಡ್' ಸರಣಿಗೇ ಚೆನ್ನಾಗಿ ಹೊಂದಬಹುದೇನೋ ಅಂತ ಅವರಿಗೇ ಅನಿಸಿತ್ತು.

ನನ್ನ ಕೇಳಿದರೆ ನಿಜವಾದ ರುಚಿ ಇರುವುದು ಬಿಡಿ ಬರಹಗಳಲ್ಲಿ. ಹನ್ನೆರಡನೇ ವಯಸ್ಸಿನಲ್ಲಿ 'ಈಗಲ್' ಅನ್ನೋ ಮಕ್ಕಳ ಕಾಮಿಕ್ ಪತ್ರಿಕೆಗೆ ಬರೆದ ಕಾಗದ, ಚಹಾ ಮಾಡುವುದು ಹೇಗೆ ಅಂತ ಅಮೆರಿಕನ್ನರಿಗೆ ಪಾಠ, ಸಂದರ್ಶನಗಳು, ಎಲ್ಲ ಇವೆ. ಬಿಸ್ಕತ್ತಿನ ಪ್ರಸಂಗವಂತೂ ತಪ್ಪಿಸಲೇಬೇಡಿ. ಕೇಂಬ್ರಿಜ್ ರೈಲು ನಿಲ್ದಾಣ. ಆಡಮ್ಸ್ ಪೇಪರು, ಬಿಸ್ಕತ್ತಿನ ಪೊಟ್ಟಣ ಕೊಂಡು ಕೂತಿದ್ದಾರೆ. ಎದುರು ಕೂತ ಅಪರಿಚಿತ ಸುಮ್ನೆ, ಇವರು ತಮ್ಮದೇ ಅಂದುಕೊಂಡಿದ್ದ ಪೊಟ್ಟಣ ಒಡೆದು ಒಂದು ಬಿಸ್ಕತ್ತು ತಿನ್ನುತ್ತಾನೆ. ಇವರೂ ಬಿಡದೆ ಒಂದು ತಿನ್ನುತ್ತಾರೆ. ಇಬ್ಬರೂ ಮಾತಿಲ್ಲದೆ ಪೊಟ್ಟಣ ಖಾಲಿ ಮಾಡುತ್ತಾರೆ. ಆಮೇಲೆ ಪೇಪರ್ ಎತ್ತಿದರೆ ಅದರಡಿ ಇವರ ಪೊಟ್ಟಣ!

ಆಡಮ್ಸ್‌ರನ್ನು ಇನ್ನೂ ಓದಿಲ್ಲವೇ? ಹಾಗಾದರೆ 'ಹಿಚ್‌ಹೈಕರ್ಸ್ ಗೈಡ್' ಮೊದಲು ಓದಿ, ಇದು ಆಮೇಲೆ.