ಉತ್ತರ: ತಳ್ಳುವಾಗ ರೋಬೋ ರೀಸ್ಟಾರ್ಟ್ ಆಗುವುದೇಕೆ?

ಸ್ಪರ್ಧೆಯ ರೋಬೋದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, ಆದರೂ ಎದುರಾಳಿ ರೋಬೋವನ್ನು ತಳ್ಳುವಾಗ ಕಂಟ್ರೋಲರ್ (ರೋಬೋವನ್ನು ನಡೆಸುವ ಕಂಪ್ಯೂಟರ್) ಆಫ್ ಆಗುತ್ತದೆ ಎಂದಿದ್ದೀರಿ. ಲೋಡ್ ಇಲ್ಲದೆ, ಅಂದರೆ ಮೋಟಾರುಗಳು ಕರೆಂಟ್ ಎಳೆಯದಿರುವಾಗ, ಅಳೆದ ಆ ಅಂಕಿಯನ್ನು ನಂಬಬೇಡಿ. ಬ್ಯಾಟರಿಯ ಒಳರೋಧ 20 ಮಿಲಿಓಮ್ ಇದ್ದರೆ, 200 ಆಂಪಿಯರ್ ಎಳೆದಾಗ ಅದರೊಳಗೇ 4 ವೋಲ್ಟ್ ಕುಸಿಯುತ್ತದೆ. ಒಂದು ಸಡಿಲ ಲಗ್ (ವೈರಿನ ತುದಿಗೆ ಹಾಕಿ ಟರ್ಮಿನಲ್ಲಿಗೆ ಬಿಗಿಯುವ ಲೋಹದ ತುಂಡು) 10 ಮಿಲಿಓಮ್ ಸೇರಿಸಿದರೆ ಇನ್ನೂ 2 ವೋಲ್ಟ್ ಹೋಯಿತು, ಉಳಿಯುವುದು 6.6 ವೋಲ್ಟ್. ಇಷ್ಟು ಕಡಿಮೆಯಾದರೆ ಕಂಟ್ರೋಲರ್ ಆಫ್ ಆಗಬಹುದು. 6 ಗೇಜ್ ತಾಮ್ರದ ವೈರಿನ ರೋಧ ಮೀಟರಿಗೆ ಸುಮಾರು 1.3 ಮಿಲಿಓಮ್ ಅಷ್ಟೇ. ಹಾಗಾಗಿ ನನ್ನ ಅನುಮಾನ ಮೊದಲು ಜೋಡಣೆಗಳ ಮೇಲೆ.

ರೋಬೋವನ್ನು ಗೋಡೆಗೆ ಒತ್ತಿ ಒಂದೆರಡು ಸೆಕೆಂಡು ಮಾತ್ರ ಲೋಡ್ ಕೊಡಿ. ಆಗ ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿ ಟರ್ಮಿನಲ್ ಮೇಲೆ, ಇನ್ನೊಂದು ಲಗ್ ಮೇಲೆ ಇರಲಿ. 100 ಆಂಪಿಯರಿನಲ್ಲಿ 0.1 ವೋಲ್ಟ್ ಮೀರಿದರೆ ಆ ಜೋಡಣೆ ಬಿಚ್ಚಿ ಮತ್ತೆ ಮಾಡಿ. ಕನೆಕ್ಟರ್, ಬ್ರೇಕರ್‌ಗಳನ್ನೂ ಹೀಗೇ ನೋಡಿ. ನೆಗೆಟಿವ್ ಕಡೆಯನ್ನು ಬಿಡಬೇಡಿ, ಬಹಳಷ್ಟು ಮಂದಿ ಅದನ್ನೇ ಮರೆಯುತ್ತಾರೆ.

ಲಗ್ಗಿಗೂ ಟರ್ಮಿನಲ್ಲಿಗೂ ನಡುವೆ ವಾಷರ್ ಬೇಡ, ಅದು ನಟ್ಟಿನ ಕಡೆ ಇರಲಿ. ಬಿಗಿದ ಮೇಲೆ ಲಗ್ ಕೈಗೆ ಅಲುಗಲೇಬಾರದು. ಲಗ್ಗನ್ನು ಇಕ್ಕಳದಲ್ಲಿ ಜಜ್ಜಬೇಡಿ, ಅಳತೆಗೆ ಸರಿಯಾದ ಕ್ರಿಂಪರ್ (ಲಗ್ಗನ್ನು ವೈರಿಗೆ ಒತ್ತಿ ಕೂರಿಸುವ ಉಪಕರಣ) ಬಳಸಿ.

ಇಷ್ಟೆಲ್ಲ ಸರಿಯಿದ್ದರೂ ವೋಲ್ಟೇಜ್ ಕುಸಿದರೆ ಬ್ಯಾಟರಿ ಬದಲಿಸಿ ನೋಡಿ, ಜೊತೆಗೆ ಕೋಡ್‌ನಲ್ಲಿ ಪ್ರತಿ ಡ್ರೈವ್ ಮೋಟಾರಿಗೆ 40 ಆಂಪಿಯರ್ ಮಿತಿ ಹಾಕಿ.